ಶನಿವಾರದ ಮಾತುಕತೆ: ಕೆನಡಾ ಬ್ಯಾಂಕ್ ಮತ್ತು ಡಿವಿಡೆಂಡ್ ಷೇರುಗಳು

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ಸಂಜೆ 7ಕ್ಕೆ, ಟೊರಾಂಟೊ ಸಮಯ, ವಿಡಿಯೊ ಕರೆಯಲ್ಲಿ ಸೇರೋಣ. ಟಿಎಫ್‌ಎಸ್‌ಎ (ಕೆನಡಾದ ತೆರಿಗೆರಹಿತ ಉಳಿತಾಯ) ಖಾತೆಗೆ ಹಣ ಹಾಕಿ ಸುಮ್ಮನೆ ಬಿಟ್ಟಿರುವವರು ತಪ್ಪದೆ ಬನ್ನಿ.

ನಿಮ್ಮಲ್ಲಿರುವ ಷೇರುಗಳ ಹೆಸರು ಮತ್ತು ಶೇಕಡಾ ಪಾಲನ್ನು ಬರೆದಿಟ್ಟುಕೊಳ್ಳಿ. ಮೊತ್ತ ಯಾರಿಗೂ ಬೇಡ. ಕೆನಡಾದ ಆರು ದೊಡ್ಡ ಬ್ಯಾಂಕುಗಳಲ್ಲಿ ಒಂದನ್ನು ಆರಿಸಿ, ಅದರ ಇತ್ತೀಚಿನ ತ್ರೈಮಾಸಿಕ ವರದಿಯಲ್ಲಿ ಮೂರು ಅಂಕಿ ಹುಡುಕಿ: ಲಾಭದಲ್ಲಿ ಡಿವಿಡೆಂಡಿಗೆ (ಷೇರುದಾರರಿಗೆ ಹಂಚುವ ಲಾಭಾಂಶಕ್ಕೆ) ಹೋಗುವ ಪಾಲು, ವಸೂಲಾಗದ ಸಾಲಕ್ಕೆ ತೆಗೆದಿಟ್ಟ ಮೊತ್ತ, ಸಿಇಟಿ1 ಬಂಡವಾಳ ಅನುಪಾತ (ನಷ್ಟ ತಡೆದುಕೊಳ್ಳಲು ಬ್ಯಾಂಕಿನಲ್ಲಿರುವ ಸ್ವಂತ ಬಂಡವಾಳದ ಅಳತೆ).

ಇಳುವರಿ (ಷೇರಿನ ಬೆಲೆಯಲ್ಲಿ ವಾರ್ಷಿಕ ಡಿವಿಡೆಂಡ್ ಶೇಕಡಾ ಎಷ್ಟು ಎಂಬ ಲೆಕ್ಕ) ನೋಡಿ ಮರುಳಾಗಬೇಡಿ. ಟೆಲಿಕಾಂ ಕಂಪನಿ ಬಿಸಿಇಯ ಷೇರಿನ ಇಳುವರಿ ಶೇ 12 ದಾಟಿದಾಗ ಹಲವರಿಗೆ ಬಾಯಲ್ಲಿ ನೀರೂರಿತ್ತು. 2025ರ ಮೇ ತಿಂಗಳಲ್ಲಿ ಕಂಪನಿ ಪ್ರತಿ ಷೇರಿನ ವಾರ್ಷಿಕ ಡಿವಿಡೆಂಡನ್ನು 3.99 ಡಾಲರಿನಿಂದ 1.75ಕ್ಕೆ ಇಳಿಸಿತು. ಬ್ಯಾಂಕ್ ಆಫ್ ಮಾಂಟ್ರಿಯಲ್ 1829ರಿಂದ ಡಿವಿಡೆಂಡ್ ಕೊಡುತ್ತಾ ಬಂದಿದೆ, ನಿಜ. ಆದರೆ ನಮ್ಮ ಮನೆ, ಕೆಲಸ, ಷೇರು ಮೂರೂ ಇಲ್ಲಿನ ಗೃಹಸಾಲದ ಮಾರುಕಟ್ಟೆಗೇ ಅಂಟಿಕೊಂಡರೆ ಅಪಾಯವೂ ಒಂದೇ ಕಡೆ ಗುಡ್ಡೆಯಾಗುತ್ತದೆ. ಆರೂ ಬ್ಯಾಂಕುಗಳನ್ನು ಕೊಂಡರೂ ಅದು ಅಪಾಯದ ಹಂಚಿಕೆಯಲ್ಲ ಎಂಬುದು ನನ್ನ ಅಭಿಪ್ರಾಯ. ವಾದಕ್ಕೆ ಸ್ವಾಗತ.

ಅಮೆರಿಕದ ಷೇರು ಇಟ್ಟವರಿಗೆ: ಅಲ್ಲಿನ ಡಿವಿಡೆಂಡಿನಿಂದ ಟಿಎಫ್‌ಎಸ್‌ಎಯಲ್ಲೂ ಶೇ 15 ತೆರಿಗೆ ಕಡಿತವಾಗುತ್ತದೆ. ನಿವೃತ್ತಿ ಉಳಿತಾಯ ಖಾತೆಯಾದ ಆರ್‌ಆರ್‌ಎಸ್‌ಪಿಯಲ್ಲಿ ಆಗುವುದಿಲ್ಲ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ಬರೆದು, ಆರಿಸಿದ ಬ್ಯಾಂಕಿನ ಹೆಸರನ್ನೂ ತಿಳಿಸಿ. ಎಲ್ಲರೂ ಒಂದನ್ನೇ ಆರಿಸಿದ್ದರೆ ಬದಲಿಸಲು ಕೇಳುತ್ತೇನೆ. ‘ನಾಳೆ ಏರುವ ಷೇರು’ ಮಾದರಿಯ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.