ಗುಳೆ ಹೋದವಳು ನೊವೊಮಿ, ರೂತಳಲ್ಲ

ಡೊಂಬಿವಲಿ

ಚಿರಂಜೀವಿ ಸುನೀತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಥೀಸಿಸ್‌ನ ಸಿನಾಪ್ಸಿಸ್ ಓದಿದೆ. ಬೈಬಲಿನ ರೂತಳ ಪುಸ್ತಕ ಮತ್ತು ಪುಣೆಯ ಕನ್ನಡ ಕೂಲಿಕಾರರು ಅನ್ನೋ ವಿಷಯ ನನಗೆ ಹಿಡಿಸಿತು. ಭಾನುವಾರ ಆರಾಧನೆಗೆ ಬರುವ ಯಾದಗಿರಿ, ಕಲಬುರಗಿ ಕಡೆಯ ಗಾರೆ ಕೆಲಸದವರನ್ನು ನೋಡಿ ಇದು ಹೊಳೆಯಿತು ಅಂತ ಬರೆದಿದ್ದೀಯ. ಒಳ್ಳೆಯದೇ. ಆದರೆ ನೀನು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದ್ದೀಯ. ರೂತಳು ಅತ್ತೆ ನೊವೊಮಿಯ ಜೊತೆ ಮೋವಾಬಿನಿಂದ ಬೇತ್ಲೆಹೇಮಿಗೆ ಬಂದ ವಿಧವೆ, ಪರದೇಶಿ, ಹೊಲದ ಒಡೆಯ ಬೋವಜ ದಯೆ ತೋರಿಸಿದ, ನಾವೂ ತೋರಿಸಬೇಕು. ಚರ್ಚಿನ ಪ್ರಸಂಗಕ್ಕೆ ಇಷ್ಟು ಸಾಕು. ದೇವತಾಶಾಸ್ತ್ರದ ಎಂ.ಟಿಎಚ್ ಥೀಸಿಸ್‌ಗೆ ಸಾಲದು. ಇದನ್ನು ಅಲ್ಲ ಅನ್ನುವವರು ಯಾರಿದ್ದಾರೆ? ಯಾರೂ ಅಲ್ಲ ಅನ್ನದ ಮಾತಿಗೆ ಅಷ್ಟೊಂದು ಪುಟ ಯಾಕೆ ಬೇಕು?

ವ್ಯಾಖ್ಯಾನದ ಪುಸ್ತಕಗಳನ್ನೆಲ್ಲ ಸದ್ಯಕ್ಕೆ ಬದಿಗಿಡು. ಹೀಬ್ರೂ ಪಠ್ಯ ಮುಂದಿಟ್ಟುಕೊಂಡು ರೂತಳನ್ನು ಮತ್ತೆ ಮೊದಲಿನಿಂದ ಓದು. 4 ಅಧ್ಯಾಯ, 85 ವಚನ, ಅಷ್ಟೇ. ಓದುವಾಗ ಒಂದೇ ಪ್ರಶ್ನೆ ಕೇಳಿಕೋ. ಬರ ಬಿದ್ದು ಊರು ಬಿಟ್ಟವರು ಯಾರು?

ರೂತಳಲ್ಲ. ಎಲೀಮೆಲೆಕ, ನೊವೊಮಿ, ಅವರ ಇಬ್ಬರು ಗಂಡುಮಕ್ಕಳು. ಬೇತ್ಲೆಹೇಮಿನಿಂದ ಮೋವಾಬಿಗೆ ಗುಳೆ ಹೋದದ್ದು ಈ ಮನೆ. ಸುಮಾರು ಹತ್ತು ವರ್ಷ ಅಲ್ಲೇ ಕಳೆದರು. ಗಂಡನನ್ನು, ಮಕ್ಕಳನ್ನು ಪರಊರಿನ ಮಣ್ಣಿಗೆ ಕೊಟ್ಟು, ಊರಲ್ಲಿ ಮತ್ತೆ ಅನ್ನ ಸಿಗುತ್ತಿದೆ ಅಂತ ಕೇಳಿ ವಾಪಸ್ ಬಂದವಳು ನೊವೊಮಿ. ಊರಲ್ಲಿ ಒಂದು ಹೊಲ ಉಳಿದಿತ್ತು. 4ನೇ ಅಧ್ಯಾಯದ ಮಾತುಕತೆ ಶುರುವಾಗೋದೇ ಆ ಹೊಲದಿಂದ. ಈಗ ನಿಮ್ಮ ಚರ್ಚಿಗೆ ಬರುವವರನ್ನು ನೋಡು. ಮಳೆ ಕೈಕೊಟ್ಟಿತು ಅಂತ ಬಂದವರು. ಊರಲ್ಲಿ ತುಂಡು ಹೊಲ ಇಟ್ಟುಕೊಂಡು, ಬಿತ್ತನೆಗೆ, ಹಬ್ಬಕ್ಕೆ ಹೋಗಿ ಬರುವವರು. ಇವರು ರೂತಳಿಗಿಂತ ನೊವೊಮಿಗೆ ಹತ್ತಿರ ಅಲ್ವಾ? ನಿನ್ನ ಸಿನಾಪ್ಸಿಸ್‌ನಲ್ಲಿ ನೊವೊಮಿಗೆ ಸಿಕ್ಕಿರೋದು ಎರಡೇ ಸಾಲು.

ಇನ್ನೊಂದು. ರೂತಳು ಕೂಲಿಗೆ ಹೋದವಳೂ ಅಲ್ಲ, ಹಕ್ಕಲಾಯ್ದವಳು, ಕೊಯ್ಲಿನವರು ಬಿಟ್ಟ ತೆನೆ ಆರಿಸಿಕೊಂಡವಳು. ಮೋಶೆಯ ಧರ್ಮಶಾಸ್ತ್ರದ ಯಾಜಕಕಾಂಡ 19, ಧರ್ಮೋಪದೇಶಕಾಂಡ 24 ಬಡವರಿಗೆ, ವಿಧವೆಯರಿಗೆ, ಪರದೇಶಿಗಳಿಗೆ ಅಂತಲೇ ಬಿಟ್ಟ ಪಾಲು ಅದು. ಹಾಗಾದರೆ ಬೋವಜ ತೋರಿಸಿದ್ದರಲ್ಲಿ ದಯೆ ಎಷ್ಟು, ಅವಳ ಹಕ್ಕು ಎಷ್ಟು? ಅದೇ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಮೋವಾಬ್ಯರನ್ನು ಹತ್ತನೇ ತಲೆಯವರೆಗೂ ಸಭೆಗೆ ಸೇರಿಸಬೇಡಿ ಅನ್ನುತ್ತದೆ. ಬಾಬೆಲಿನ ಸೆರೆಯಿಂದ ಮರಳಿದ ಮೇಲೆ, ಎಜ್ರ, ನೆಹೆಮೀಯರ ಕಾಲದಲ್ಲಿ, ಅನ್ಯದೇಶದ ಹೆಂಡತಿಯರನ್ನು ಬಿಡಿಸುವ ಗಲಾಟೆ ಬೇರೆ. ರೂತಳ ಕಥೆ ಅದಕ್ಕೆ ಕೊಟ್ಟ ಉತ್ತರ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಇಲ್ಲ, ಇದು ಅರಸರ ಕಾಲದ್ದೇ, ರೂತಳ ಪೀಳಿಗೆಯಲ್ಲಿ ಬಂದ ಅರಸ ದಾವೀದನ ವಂಶದ ಸಲುವಾಗಿ ಬರೆದದ್ದು ಅಂತ ಇನ್ನು ಕೆಲವರು. ಈ ಇಡೀ ಚರ್ಚೆಯನ್ನು ನೀನು ಒಂದು ಪ್ಯಾರಾದಲ್ಲಿ ದಾಟಿಬಿಟ್ಟಿದ್ದೀಯ. ಅದು ನಡೆಯೋದಿಲ್ಲ. ಒಂದು ಕಾಲವನ್ನು ಹಿಡಿದು ಕಾರಣ ಕೊಡು. ಇಲ್ಲಾ, ಕಾಲ ಯಾವುದಾದರೂ ನಿನ್ನ ವಾದ ನಿಲ್ಲುತ್ತದೆ ಅಂತ ತೋರಿಸು.

ಹಾಗಂತ ರೂತಳನ್ನು ಬಿಟ್ಟುಬಿಡು ಅಂತಿಲ್ಲ. ಊರ ಬಾಗಿಲಲ್ಲಿ ಹಿರಿಯರು ಕೂತು ಅವಳ ಬಾಳಿನ ತೀರ್ಮಾನ ಮಾಡುವಾಗ ಅವಳ ಬಾಯಿಂದ ಒಂದು ಮಾತಿಲ್ಲ. 3ನೇ ಅಧ್ಯಾಯದಲ್ಲಿ ಅತ್ತೆಗೆ ಹೇಳಿದ್ದೇ ಅವಳ ಕೊನೆಯ ಮಾತು. ಕೂಲಿಕಾರರನ್ನು ಕರೆತರುವ ಮುಕಾದಮನೂ ಬಿಲ್ಡರನೂ ಕೂಲಿಯ ರೇಟು ಮಾತಾಡುವಾಗ ಕೆಲಸದ ಹೆಂಗಸು ಎಲ್ಲಿರುತ್ತಾಳೆ ಅನ್ನೋದು ನಿನಗೇ ಗೊತ್ತು. ಹೋಲಿಕೆ ಬೇಕಾದರೆ ಇಲ್ಲಿ ಹುಡುಕು. ಹಕ್ಕು ಬಿಟ್ಟ ಗುರುತಿಗೆ ಕೆರ ಬಿಚ್ಚುವ ಸಂಪ್ರದಾಯಕ್ಕೆ ಮಾತ್ರ ಕೈಹಾಕಬೇಡ. ಧರ್ಮೋಪದೇಶಕಾಂಡ 25ರಲ್ಲಿ ವಿಧವೆ ಬಿಚ್ಚುತ್ತಾಳೆ, ಇಲ್ಲಿ ಗಂಡಸು ತಾನೇ ಬಿಚ್ಚಿ ಕೊಡುತ್ತಾನೆ. ಅದಕ್ಕೆ ಇನ್ನೊಂದು ಥೀಸಿಸ್ಸೇ ಬೇಕು.

ಕೂಲಿಕಾರರನ್ನು ಮಾತಾಡಿಸುವ ಅಧ್ಯಾಯ ಇರಲಿ. ಅವರ ಕನ್ನಡ ನಿನಗೆ ಬರುತ್ತದೆ, ನಿನ್ನ ಜೊತೆಯವರಿಗೆ ಅದು ಸಿಗೋದಿಲ್ಲ. ಆದರೆ ‘ನಿಮಗೆ ರೂತಳ ಹಾಗೆ ಅನ್ನಿಸುತ್ತಾ’ ಅಂತ ಕೇಳಬೇಡ. ಓದಿದ ಹುಡುಗಿ ಕೇಳಿದರೆ ಹೂಂ ಅಂದೇ ಅಂತಾರೆ. ಕಥೆ ಓದಿ ಹೇಳಿ ಸುಮ್ನೆ ಕೂತುಕೋ. ಅವರು ಯಾರನ್ನು ತಮ್ಮವರು ಅಂದುಕೊಳ್ಳುತ್ತಾರೆ, ನೋಡೋಣ. ನೊವೊಮಿ ಅಲ್ಲದೆ ಬೇರೆಯವರ ಹೆಸರು ಬಂದರೆ ನಾನು ಹೇಳಿದ್ದೂ ಸುಳ್ಳಾಗುತ್ತದೆ. ಆಗಲಿ, ಅದನ್ನೂ ಬರಿ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡ, ಹೆಸರು ಹಾಕಬೇಡ.

ಪುಸ್ತಕದ ಪಟ್ಟಿಯಲ್ಲಿ ಹೀಬ್ರೂ ಬೈಬಲಿನ ಹಳೆಯ ಆವೃತ್ತಿ ಬಿಬ್ಲಿಯಾ ಹೆಬ್ರಾಯಿಕಾ ಸ್ಟುಟ್‌ಗಾರ್ಟೆನ್ಸಿಯಾ ಮಾತ್ರ ಇದೆ. ರೂತಳಿಗೆ ಅದರ ಹೊಸ ಆವೃತ್ತಿ ಕ್ವಿಂಟಾ 2004ರಲ್ಲೇ ಬಂದಿದೆ, ಯೆಹೂದ್ಯರು ಹಬ್ಬಗಳಲ್ಲಿ ಓದುವ ಐದು ಸುರುಳಿಗಳು, ಅಂದರೆ ಮೆಗಿಲ್ಲೋತ್, ಒಟ್ಟಿಗೆ. 2:7ರಂಥ ತೊಡಕಿನ ವಚನಕ್ಕೆ ಅದರ ಟಿಪ್ಪಣಿ ನೋಡದೆ ಮುಂದೆ ಹೋಗಬೇಡ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ನಗರ ರಸ್ತೆಯ ಜ್ಞಾನದೀಪ ವಿದ್ಯಾಪೀಠದ ಲೈಬ್ರರಿಯಲ್ಲಿ ವಿಚಾರಿಸು. ಕ್ಯಾಥೊಲಿಕರ ಜಾಗ ಅಂತ ಸಂಕೋಚ ಪಡಬೇಡ. ಮೊಬೈಲ್‌ ಎಐ ಹೇಳಿದ ಪುಸ್ತಕವನ್ನು ಕಣ್ಣಾರೆ ನೋಡದೆ ಅಡಿಟಿಪ್ಪಣಿಗೆ ಹಾಕಬೇಡ. ಇಲ್ಲದ ಪುಸ್ತಕಕ್ಕೂ ಪುಟದ ನಂಬರ್ ಕೊಡುತ್ತದೆ ಅದು.

ಹೀಬ್ರೂ ಕಷ್ಟ ಅಂತ ಮತ್ತೆ ಗೋಳಾಡಿದ್ದೀಯ. ಪುಣೆಯಲ್ಲಿದ್ದು ಹೀಗನ್ನಬಾರದಮ್ಮ. ದೌಂಡ್ ಕಡೆಯ ರೈಲು ಹತ್ತಿದರೆ ಕೇಡಗಾಂವ್ ಸಿಗುತ್ತದೆ. ಪಂಡಿತಾ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದದ್ದು ಅಲ್ಲೇ. 1922ರಲ್ಲಿ ತೀರಿಕೊಂಡರು, 1924ರಲ್ಲಿ ಅದು ಅಚ್ಚಾಗಿ ಬಂತು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಘಟ್ಟದ ಕಾಡಿನಲ್ಲಿ. ನಿನಗೆ ಕ್ಲಾಸಿದೆ, ಕಲಿಸೋರಿದ್ದಾರೆ.

ಇದನ್ನೆಲ್ಲ ಮೊದಲು ನಿನ್ನ ಗೈಡ್ ಹತ್ತಿರ ಮಾತಾಡು. ಕಮಿಟಿಗೆ ಹೋದಮೇಲೆ ಶೀರ್ಷಿಕೆ ಬದಲಿಸೋದು ದೊಡ್ಡ ತಲೆನೋವು. ಅವರು ಬೇಡ ಅಂದರೆ ನನ್ನ ಹೆಸರು ಹೇಳಿ ವಾದಕ್ಕೆ ನಿಲ್ಲಬೇಡ, ಕಾರಣ ಕೇಳಿಕೊಂಡು ಬಾ. ಪೀಠಿಕೆಗೆ ಈಗ ಕೂರಬೇಡ, ಅದು ಕೊನೆಗೆ. 1ನೇ ಅಧ್ಯಾಯದ 22 ವಚನಗಳ ಮೇಲೆ ನಿನ್ನದೇ ಓದು ಬರೆದು ಕಳಿಸು. ಪ್ರಿಂಟ್ ತೆಗೆದೇ ಕಳಿಸು, ಫೋನಿನಲ್ಲಿ ಹೀಬ್ರೂ ಅಕ್ಷರ ನನಗೆ ಕಾಣೋದಿಲ್ಲ.

ನಿನ್ನ
ದೊಡ್ಡಪ್ಪ