ಕೈ ಕೊಯ್ದ ಗಾಜಿನ ದುಡ್ಡೂ ನನ್ನ ಸಂಬಳದಿಂದಲೇ ಹೋಯಿತು: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ ಸರ್. ನಾನು ಮಂಗಳೂರಿನವನು. ಹತ್ತೊಂಬತ್ತು ವರ್ಷ ಗಾಜು ಕೂರಿಸುವ ಕೆಲಸ ಮಾಡಿದ್ದೇನೆ. ಕಿಟಕಿ, ಬಾತ್‌ರೂಮ್ ಪಾರ್ಟಿಷನ್, ಮೆಟ್ಟಿಲ ರೇಲಿಂಗ್, ಶೋರೂಮ್ ಮುಂಭಾಗ, ಎಲ್ಲ. ಬಸ್ಸಿನಲ್ಲಿ ಹಂಪನಕಟ್ಟೆಯಿಂದ ಸುರತ್ಕಲ್ ಕಡೆ ಹೋಗುವಾಗ ಅದು ನಾನು ಹಾಕಿದ್ದು, ಇದು ನಾನು ಹಾಕಿದ್ದು ಅಂತ ಮಗಳಿಗೆ ತೋರಿಸುತ್ತಿದ್ದೆ. ಈಗ ತೋರಿಸುವುದಿಲ್ಲ. ಈ ಪತ್ರವನ್ನೂ ಅವಳೇ ಟೈಪ್ ಮಾಡುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೇನೆ. ನನ್ನ ಬಲಗೈಯ ಕಿರುಬೆರಳು ಮತ್ತು ಉಂಗುರ ಬೆರಳು ಮಡಚುವುದಿಲ್ಲ. ನಡುಬೆರಳು ಮಡಚುತ್ತದೆ, ಆದರೆ ಬಿಸಿ ಚಾ ಲೋಟ ತಾಗಿದರೂ ಅದಕ್ಕೆ ಗೊತ್ತಾಗುವುದಿಲ್ಲ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಆಮೇಲೆ ನನ್ನ ಕಥೆ ಉದ್ದ ಆಯಿತು ಅಂತ ನೀವು ಅರ್ಧದಲ್ಲೇ ಬಿಟ್ಟರೆ ಕಷ್ಟ. ಗಾಜಿನ ಕೆಲಸದಲ್ಲಿ ಯಾರಿಗೇ ಪೆಟ್ಟಾದರೂ ಅದೇ ದಿನ, ಹೆಚ್ಚೆಂದರೆ ಮರುದಿನ, ನಿಮ್ಮ ಇಲಾಖೆಯ ಒಬ್ಬರು ಆ ಜಾಗಕ್ಕೆ ಬರಬೇಕು. ಬಂದು, ಇದು ಕೆಲಸ ಮಾಡುವಾಗ ಆದ ಪೆಟ್ಟು ಅಂತ ಬರೆದುಕೊಂಡು ಹೋಗಬೇಕು. ಇಷ್ಟೇ.

ಇನ್ನು ನನ್ನ ಕಥೆ.

2024ರ ಜೂನ್. ಮಳೆ ಹಿಡಿದು ಒಂದು ವಾರ ಆಗಿತ್ತು. ನಗರದ ಒಂದು ಹೊಸ ಮಳಿಗೆ, ಉದ್ಘಾಟನೆಗೆ ನಾಲ್ಕು ದಿನ ಬಾಕಿ. ಮುಂಭಾಗಕ್ಕೆ 12 ಎಂಎಂ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಅಂತ ಮಾತಾಗಿತ್ತು. ಗಾಜು ಬಂತು ಕೂಡ. ಆದರೆ ಅಳತೆ ತೆಗೆದ ಮೇಲೆ ನೆಲಕ್ಕೆ ಗ್ರಾನೈಟ್ ಹಾಕಿ ಮುಕ್ಕಾಲು ಇಂಚು ಎತ್ತರ ಮಾಡಿಬಿಟ್ಟಿದ್ದರು, ನಮಗೆ ಯಾರೂ ಹೇಳಲಿಲ್ಲ. ಗಾಜು ಕೂರಲಿಲ್ಲ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಅಂಚಿಗೆ ಕೈ ಹಚ್ಚಿದರೆ ಇಡೀ ಹಲಗೆ ಪುಡಿಯಾಗುತ್ತದೆ. ಹೊಸದು ಮಾಡಿಸಲು ವಾರ ಬೇಕು. ಇಂಟೀರಿಯರ್ ಕಂಟ್ರಾಕ್ಟರ್ ಹೇಳಿದರು, ಈಗ ಪ್ಲೇನ್ ಗಾಜು ಹಾಕಿ ಮಾರ್ರೆ, ಫಂಕ್ಷನ್ ಮುಗಿದ ಮೇಲೆ ಬದಲಾಯಿಸುವ.

ಗಾಜಿನವರಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಟಫನ್ಡ್ ಒಡೆದರೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಚೂರುಚೂರು. ಗೀರುತ್ತದೆ, ರಕ್ತ ಬರುತ್ತದೆ, ಆದರೆ ಹೆಚ್ಚಾಗಿ ಅಷ್ಟರಲ್ಲೇ ಮುಗಿಯುತ್ತದೆ. ಪ್ಲೇನ್ ಗಾಜು ಒಡೆದರೆ ಮೀನು ಕೊಯ್ಯುವ ಕತ್ತಿಯ ಹಾಗೆ ಉದ್ದುದ್ದ ತುಂಡು. ಆ ಹಲಗೆ ಒಂಬತ್ತು ಅಡಿ ಎತ್ತರ, ನಾಲ್ಕು ಅಡಿ ಅಗಲ. ಗಾಜು ಒಂದು ಎಂಎಂ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ ತೂಗುತ್ತದೆ. ಲೆಕ್ಕ ಹಾಕಿ ನೋಡಿ, 12 ಎಂಎಂಗೆ ನೂರು ಕೆಜಿ. ನಾಲ್ಕು ಜನ ಬೇಕು, ಗಾಜಿಗೆ ಅಂಟಿಸಿ ಎತ್ತುವ ರಬ್ಬರಿನ ಹಿಡಿ, ಸಕ್ಷನ್ ಕಪ್, ಅದೂ ನಾಲ್ಕು ಬೇಕು. ನಾವಿದ್ದದ್ದು ಮೂವರು. ಕಪ್ ಎರಡು, ಅದರಲ್ಲಿ ಒಂದರ ರಬ್ಬರ್ ಸವೆದು ಹೋಗಿತ್ತು, ಹೊಸದು ತನ್ನಿ ಅಂತ ಎರಡು ತಿಂಗಳಿಂದ ಹೇಳುತ್ತಿದ್ದೆ. ಸಿಮೆಂಟ್ ಧೂಳು, ಮಳೆ ನೀರು ಸೇರಿದ ಗಾಜನ್ನು ಹೊಸ ಕಪ್ಪೇ ಸರಿಯಾಗಿ ಹಿಡಿಯುವುದಿಲ್ಲ, ಇನ್ನು ಹಳೆಯದರ ಕಥೆ ಕೇಳಬೇಡಿ. ಗ್ಲೌಸ್ ಅಂದರೆ ಅಂಗೈಗೆ ರಬ್ಬರ್ ಬಳಿದ ಬಟ್ಟೆಯದ್ದು. ಮಣಿಕಟ್ಟಿಗೆ ಏನೂ ಇಲ್ಲ.

ಮೂರನೆಯವನು ಜಾರ್ಖಂಡಿನ ಹುಡುಗ, ಬಂದು ಮೂರು ವಾರ ಆಗಿತ್ತು. ಮೆಲ್ಲ, ಮೆಲ್ಲ ಅಂದೆ. ಅವನಿಗೆ ಕನ್ನಡವೂ ಬಾರದು, ತುಳುವೂ ಬಾರದು. ನನ್ನ ಹಿಂದಿ ದೇವರಿಗೇ ಪ್ರೀತಿ. ಗಾಜಿನ ಕೆಳಮೂಲೆ ಗ್ರಾನೈಟ್ ಮೆಟ್ಟಿಲಿಗೆ ತಾಗಿತು. ಟಕ್ ಅಂತ ಸಣ್ಣ ಸದ್ದು. ನಾನು ಕೈ ತೆಗೆಯಬೇಕಿತ್ತು, ತೆಗೆಯಲಿಲ್ಲ, ಯಾಕೆಂದರೆ ಕೆಳಗೆ ಆ ಹುಡುಗ ಇದ್ದ. ಮೇಲಿನ ಅರ್ಧ ಜಾರಿ ನನ್ನ ಮಣಿಕಟ್ಟಿನ ಮೇಲೆ ಬಂತು.

(ಇಷ್ಟು ಸಾಕು ಅಪ್ಪ ಅನ್ನುತ್ತಿದ್ದಾಳೆ ಮಗಳು. ಸರಿ.)

ಆಸ್ಪತ್ರೆಗೆ ರಿಕ್ಷಾದಲ್ಲಿ ಹೋದೆ. ಕಂಟ್ರಾಕ್ಟರ್ ಹತ್ತಿರ ಕಾರು ಇತ್ತು, ಆದರೆ ಸೀಟು ರಕ್ತ ಆಗುತ್ತದಲ್ವಾ. ರಿಕ್ಷಾದಲ್ಲಿರುವಾಗಲೇ ನಮ್ಮ ದನಿಯ ಫೋನು, ಅಂದರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಗಾಜಿನ ಅಂಗಡಿಯವರದ್ದು. ಕೈ ಹೇಗಿದೆ ಅಂತ ಕೇಳಲಿಲ್ಲ. "ಆಸ್ಪತ್ರೆಯಲ್ಲಿ ಮನೆಯ ಕಿಟಕಿ ಗಾಜು ಒಡೆದು ಆಯ್ತು ಅಂತ ಹೇಳು ಮಾರಾಯ. ಸೈಟಿನಲ್ಲಿ ಅಂದರೆ ಪೊಲೀಸ್ ಕೇಸು, ಆಪರೇಷನ್ ತಡ ಮಾಡ್ತಾರೆ. ಬಿಲ್ಲು ನಾನು ನೋಡಿಕೊಳ್ತೇನೆ."

ಹೇಳಿದೆ ಸರ್. ಹಾಗೆಯೇ ಹೇಳಿದೆ. ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಕೈಯಿಂದ ರಕ್ತ ಸುರಿಯುವಾಗ ಮುಂದಿನ ವರ್ಷದ ಕೇಸಿನ ಬಗ್ಗೆ ಯಾರು ಯೋಚನೆ ಮಾಡುತ್ತಾರೆ? ಆಸ್ಪತ್ರೆಯ ಚೀಟಿಯಲ್ಲಿ "ಮನೆಯಲ್ಲಿ" ಅನ್ನುವ ಒಂದು ಪದ ಬಿತ್ತು. ನನ್ನ ಹತ್ತೊಂಬತ್ತು ವರ್ಷದ ಕೆಲಸ ಆ ಒಂದು ಪದದಲ್ಲಿ ಹೋಯಿತು.

ಎರಡು ಆಪರೇಷನ್ ಆಯಿತು. ಒಟ್ಟು ಬಿಲ್ 1,92,000 ರೂಪಾಯಿ. ದನಿ ಕೊಟ್ಟದ್ದು ಇಪ್ಪತ್ತು ಸಾವಿರ. ಉಳಿದದ್ದಕ್ಕೆ ಹೆಂಡತಿಯ ಸರ, ಬಳೆ ಸೊಸೈಟಿಯಲ್ಲಿ ಅಡವು ಇದೆ, ಇವತ್ತಿಗೂ. ಅವಳು ಬೀಡಿ ಕಟ್ಟುತ್ತಾಳೆ. ಒಂದು ತಮಾಷೆ ಕೇಳಿ, ಬೀಡಿ ಕಟ್ಟುವ ಅವಳಿಗೆ ಪುಸ್ತಕ ಇದೆ, ಪಿಎಫ್ ನಂಬರ್ ಇದೆ. ನೂರು ಕೆಜಿ ಗಾಜು ಹೊತ್ತ ನನ್ನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಮೂರು ವಾರ ಕಳೆದು, ಆ ತಿಂಗಳು ಮಾಡಿದ ಕೆಲಸದ ದುಡ್ಡಾದರೂ ಬರಲಿ ಅಂತ ಭಾವನನ್ನು ಅಂಗಡಿಗೆ ಕಳಿಸಿದೆ. ಹನ್ನೊಂದು ದಿನ, ದಿನಕ್ಕೆ 950. ಒಟ್ಟು 10,450 ಬರಬೇಕು. ಕವರಿನಲ್ಲಿ ಇದ್ದದ್ದು 3,250. ಜೊತೆಗೊಂದು ಚೀಟಿ, ಅದರಲ್ಲಿ ಪೆನ್ನಿನಲ್ಲಿ ಬರೆದಿತ್ತು: "ಗಾಜು ಡ್ಯಾಮೇಜ್ 36 ಅಡಿ x 200 = 7,200."

ನನ್ನ ಕೈ ಕೊಯ್ದ ಗಾಜಿನ ದುಡ್ಡು ಅದು. ಅಡಿ ಲೆಕ್ಕ ಎಷ್ಟು ಸರಿಯಾಗಿ ಹಾಕಿದ್ದಾರೆ ನೋಡಿ, ಒಂದು ಇಂಚು ಹೆಚ್ಚು ಇಲ್ಲ, ಕಡಿಮೆ ಇಲ್ಲ. ಆ ದಿನ ನಾನು ಆ ಸೈಟಿನಲ್ಲಿ ಇದ್ದೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿಯೂ ಅದೊಂದೇ. ಅಂಗಡಿ ಹೆಸರಿಲ್ಲ, ಸೀಲಿಲ್ಲ, ಸಹಿಯಿಲ್ಲ. ಆದರೂ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಇಟ್ಟಿದ್ದೇನೆ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ, ಪೆಟ್ಟಾಗಿ 48 ಗಂಟೆ ಕೆಲಸ ಮಾಡಲು ಆಗದಿದ್ದರೆ ಮಾಲೀಕ ಅಧಿಕಾರಿಗಳಿಗೆ ತಿಳಿಸಬೇಕು ಅಂತ ಇತ್ತು. ಆ ಸೈಟಿನಲ್ಲಿ ಆ ದಿನ ಬಡಗಿ, ಪೇಂಟರ್, ಎಲೆಕ್ಟ್ರಿಷಿಯನ್ ಎಲ್ಲ ಸೇರಿ ಮೂವತ್ತು ಜನ ಇದ್ದೆವು. ಯಾರು ತಿಳಿಸಿದರು? ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ 12ನೇ ಕಲಂ ಪ್ರಕಾರ ಕೆಲಸವನ್ನು ಒಳಗುತ್ತಿಗೆ ಕೊಟ್ಟವನೂ ಹೊಣೆ, ಬೇಕಾದರೆ ಅವನು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಇಲ್ಲಿ ಆದದ್ದು ಏನು? ಮಳಿಗೆಯವರು ಇಂಟೀರಿಯರ್‌ನವರನ್ನು ಕೇಳಿ ಅಂದರು. ಇಂಟೀರಿಯರ್‌ನವರು ಗಾಜಿನ ಅಂಗಡಿಯನ್ನು ಕೇಳಿ ಅಂದರು. ಗಾಜಿನ ಅಂಗಡಿಯವರು ಈಗ ಫೋನು ಎತ್ತುವುದಿಲ್ಲ. ಎತ್ತಿದ್ದು ಒಂದೇ ಸಲ, ಹೋದ ಡಿಸೆಂಬರಿನಲ್ಲಿ. ಆಗ ಹೇಳಿದ್ದು: "ಆ ಕಾನೂನೇ ಈಗ ಇಲ್ಲ, ಹೊಸದು ಬಂತಲ್ಲ." 2025ರ ನವೆಂಬರ್ 21ರಿಂದ ಹಳೆ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆ ಬಂದದ್ದು ನನಗೂ ಗೊತ್ತು ಸರ್. ಆದರೆ ನನ್ನ ಕೈ ಕೊಯ್ದದ್ದು 2024ರಲ್ಲಿ. ಹೊಸ ಕಾನೂನು ಬಂತು ಅಂತ ಹಳೆ ಬೆರಳು ಮಡಚಲು ಶುರುವಾಗುವುದಿಲ್ಲ.

ನನ್ನ ದುಡಿಯುವ ಶಕ್ತಿ 30 ಶೇಕಡಾ ಹೋಗಿದೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಆ 1923ರ ಕಾಯ್ದೆಯಲ್ಲಿ ಎಷ್ಟು ಪರಿಹಾರ ಬರಬೇಕು ಅಂತ ಲೆಕ್ಕ ನಾನೇ ಹಾಕಿದ್ದೇನೆ, ಮಗಳು ಸರಿ ನೋಡಿದ್ದಾಳೆ. ತಿಂಗಳಿಗೆ ನಾನು ಎಷ್ಟೇ ದುಡಿಯಲಿ, 2020ರ ಆದೇಶದ ಪ್ರಕಾರ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000 ಮಾತ್ರ. ಅದರ 60 ಶೇಕಡಾ ಅಂದರೆ 9,000. ಆಗ ನನಗೆ ನಲವತ್ತು ವರ್ಷ, ಆ ವಯಸ್ಸಿಗೆ ಕೋಷ್ಟಕದಲ್ಲಿರುವ ಸಂಖ್ಯೆ 184.17. ಗುಣಿಸಿದರೆ 16,57,530. ಅದರ 30 ಶೇಕಡಾ 4,97,259 ರೂಪಾಯಿ. ಮೇಲೆ ಆಸ್ಪತ್ರೆ ಖರ್ಚು ಬೇರೆ. ನನಗೆ ಸಿಕ್ಕಿದ್ದು ಇಪ್ಪತ್ತು ಸಾವಿರ, ಅದರಲ್ಲಿ 7,200 ವಾಪಸ್ ಹೋಯಿತು.

ವಕೀಲರ ಹತ್ತಿರ ಹೋದೆ. ಒಳ್ಳೆಯವರು, ಫೀಸು ಕೇಳಲಿಲ್ಲ. ಆಸ್ಪತ್ರೆ ಚೀಟಿ ನೋಡಿ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. "ಮನೆಯಲ್ಲಿ ಅಂತ ಇದೆಯಲ್ಲ" ಅಂದರು. ಅದಕ್ಕೇ ಸರ್ ನಾನು ಮತ್ತೆ ಮತ್ತೆ ಅದನ್ನೇ ಕೇಳುವುದು. ಆ ದಿನ ಸಂಜೆಯ ಒಳಗೆ ನಿಮ್ಮ ಇಲಾಖೆಯ ಒಬ್ಬರು, ಒಬ್ಬರೇ ಒಬ್ಬರು, ಆ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರೆ ಗ್ರಾನೈಟಿನ ಮೇಲಿನ ರಕ್ತ ಕಾಣುತ್ತಿತ್ತು. ಮರುದಿನ ತೊಳೆದಾಗಿತ್ತು. ನಾಲ್ಕನೇ ದಿನ ಅದೇ ಮೆಟ್ಟಿಲ ಮೇಲೆ ರಿಬ್ಬನ್ ಕಟ್ಟಿ ಉದ್ಘಾಟನೆಯೂ ಆಯಿತು, ಯಾರೋ ಗಣ್ಯರು ಬಂದಿದ್ದರಂತೆ, ಲಾಡು ಹಂಚಿದರಂತೆ.

ಕಾರ್ಮಿಕ ಕಾರ್ಡ್ ಯಾಕೆ ಮಾಡಿಸಲಿಲ್ಲ ಅಂತ ಕೇಳುತ್ತೀರಿ. ಅದನ್ನೂ ಹೇಳುತ್ತೇನೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪತ್ರ ಬೇಕು. ದನಿ ಸಹಿ ಹಾಕಲಿಲ್ಲ, ಹಾಕಿದರೆ ನಾಳೆ ನನ್ನ ತಲೆಗೆ ಬರುತ್ತದೆ ಅಂದರು. ಕಚೇರಿಗೆ ಹೋದರೆ ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಸಾಹೇಬರು ಇಲ್ಲ. ಒಬ್ಬರು ಕೇಳಿದರು, ಗಾಜಿನ ಕೆಲಸ ಕಟ್ಟಡ ಕೆಲಸದಲ್ಲಿ ಬರುತ್ತದಾ ಅಂತ. ಮತ್ತೆ ನಾನು ಗಾಜನ್ನು ತೆಂಗಿನ ಮರಕ್ಕೆ ಕೂರಿಸುತ್ತೇನಾ? ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ತೆಗೆದುಕೊಳ್ಳುತ್ತೀರಲ್ಲ, ಆಗ ಗಾಜಿನ ಖರ್ಚನ್ನು ಬಿಟ್ಟು ಲೆಕ್ಕ ಹಾಕುತ್ತೀರಾ? ಇಲ್ಲ ಅಲ್ವಾ?

ಸಿಟ್ಟಿನಲ್ಲಿ ಏನೋ ಹೇಳಿದೆ, ಕ್ಷಮಿಸಿ. ಆದರೆ ಬೈಕಿನಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ನಂತೂರಿನಲ್ಲಿ ನಿಲ್ಲಿಸಿ ದಂಡ ಹಾಕಲು ಜನ ಇದ್ದಾರೆ. ಹನ್ನೆರಡನೇ ಮಹಡಿಯಲ್ಲಿ ಬೆಲ್ಟ್ ಇಲ್ಲದೆ ಗಾಜು ಹಿಡಿದು ನಿಂತವನನ್ನು ನೋಡಲು ಹತ್ತೊಂಬತ್ತು ವರ್ಷದಲ್ಲಿ ಒಬ್ಬರು ಬಂದದ್ದನ್ನು ನಾನು ಕಂಡಿಲ್ಲ.

ನನ್ನ ಕೈ ಕೊಯ್ದಾಗ ಇದ್ದ ಕಾಯ್ದೆಯಲ್ಲಿ ಕೇಸ್ ಹಾಕಲು ಎರಡು ವರ್ಷದ ಅವಧಿ. ಅದು 2026ರ ಜೂನಿಗೆ. ನನ್ನದು ಏನಾಗುತ್ತದೋ ಆಗಲಿ, ವಕೀಲರು ಆ 7,200ರ ಚೀಟಿ ಇಟ್ಟುಕೊಂಡು ಪ್ರಯತ್ನ ಮಾಡುತ್ತೇನೆ ಅಂದಿದ್ದಾರೆ. ನೀವು ಇದೊಂದು ಆದೇಶ ಮಾಡಿ. ಗಾಜಿನಿಂದ ಕೈ ಕೊಯ್ದುಕೊಂಡು ಬಂದವನನ್ನು ಆಸ್ಪತ್ರೆಯವರು ಎಲ್ಲಿ ಕೆಲಸ ಅಂತ ಕೇಳಲಿ, ಕೇಳಿ ನಿಮ್ಮವರಿಗೆ ಒಂದು ಫೋನು ಮಾಡಲಿ, ನಿಮ್ಮವರು ಅದೇ ದಿನ ಹೊರಟು ಬರಲಿ. ರಿಕ್ಷಾ ದುಡ್ಡು ಬೇಕಾದರೆ ನಾವೇ ಕೊಡುತ್ತೇವೆ.

ಇನ್ನೊಂದು ಮಾತು. ಮೊನ್ನೆ ಪಂಪ್‌ವೆಲ್ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಎದುರು ಒಂದು ಟೆಂಪೋದಿಂದ ಗಾಜು ಇಳಿಸುತ್ತಿದ್ದರು. ಅದರಲ್ಲಿ ಆ ಜಾರ್ಖಂಡಿನ ಹುಡುಗನೂ ಇದ್ದ. ಈಗ ತುಳು ಕಲಿತಿದ್ದಾನೆ, ಜೋರಾಗಿ ಮೆಲ್ಲ ಮೆಲ್ಲ ಅನ್ನುತ್ತಿದ್ದ. ಕೈಯಲ್ಲಿ ಗ್ಲೌಸ್ ಇರಲಿಲ್ಲ. ಇನ್ನೂ ಹತ್ತು ದಿನ ಅಲ್ಲೇ ಕೆಲಸ ಅಂದ. ಜಾಗ ಎಲ್ಲಿ ಅಂತ ನಿಮ್ಮವರು ಕೇಳಿದರೆ ನಾನೇ ಬಂದು ತೋರಿಸುತ್ತೇನೆ. ನಾಳೆಯೇ ಒಬ್ಬರನ್ನು ಕಳಿಸಿ.

ಇಂತಿ,
ಗಾಜಿನ ಕೆಲಸ ಮಾಡುತ್ತಿದ್ದವನು,
ಕುಲಶೇಖರ, ಮಂಗಳೂರು