ಹಳೆಯ ಜೀಪಿನ ಚಾಸಿಗೆ ಯಾವ ಬಣ್ಣ?

ಮಾನ್ಯ ಸಂಪಾದಕರೇ,

ಕೊಡಗಿನ ತೋಟದ ಮನೆಗಳಲ್ಲಿ ಇಂದಿಗೂ ಜತನದಿಂದ ಓಡಿಸುತ್ತಿರುವ ಹಳೆಯ ವಿಲ್ಲಿಸ್, ಮಹೀಂದ್ರ ಜೀಪುಗಳ ಅಡಿಭಾಗಕ್ಕೆ ಮಳೆ ಹಿಡಿಯುವ ಮುನ್ನ ದಪ್ಪನೆಯ ರಬ್ಬರ್ ಕೋಟಿಂಗ್ ಹೊಡೆಸುವವರಿದ್ದಾರೆ. ಒಮ್ಮೆ ಕೈಸುಟ್ಟುಕೊಂಡವನಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ತಂದೆಯವರ ಕಾಲದ ನಮ್ಮ ಜೀಪನ್ನು ಪೂರ್ತಿ ಬಿಚ್ಚಿಸಿ, ಚಾಸಿಗೆ (ಗಾಡಿಯ ಉಕ್ಕಿನ ಅಡಿಚೌಕಟ್ಟಿಗೆ) ಹೊರ ಊರಿನ ವರ್ಕ್‌ಶಾಪೊಂದರಲ್ಲಿ ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪ) ಮಾಡಿಸಿದ್ದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದ ಆ ಬಣ್ಣ ನೋಡಲು ಬಲು ಚೆನ್ನಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ಶ್ಯಾಕಲ್ (ಸ್ಪ್ರಿಂಗಿನ ಪಟ್ಟಿಗಳನ್ನು ಚಾಸಿಗೆ ಜೋಡಿಸುವ ಕೊಂಡಿ) ಬಳಿ ಕಾಳುಮೆಣಸಿನ ಗಾತ್ರದ ಗುಳ್ಳೆಯೊಂದು ಕಂಡಿತು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಅಂಗೈಯಗಲದ ಪದರ ಹಾವಿನ ಪೊರೆಯಂತೆ ಎದ್ದುಬಂತು, ಅದರಡಿಯಲ್ಲಿ ಒದ್ದೆ ತುಕ್ಕು. ಕಲ್ಲು ಬಡಿದು ಸಿಡಿದ ಕಡೆಯಿಂದ ನುಗ್ಗಿದ ನೀರು ಲೇಪದ ಅಡಿಯಲ್ಲೇ ಹರಡಿತ್ತು. ರಬ್ಬರ್ ಕೋಟಿಂಗಿನ ದೋಷವೂ ಇದೇ: ತುಕ್ಕನ್ನು ತಡೆಯುವುದಕ್ಕಿಂತ ಮುಚ್ಚಿಡುವುದು ಹೆಚ್ಚು. ಸಾಲದ್ದಕ್ಕೆ ಚಾಸಿ ನಂಬರೂ ಅದರಡಿ ಹೂತುಹೋಗುತ್ತದೆ.

ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ, ತುಕ್ಕು ಕಳೆದು ಬಿಳುಪಾದ ಕಬ್ಬಿಣಕ್ಕೆ ಅದೇ ದಿನ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಪಾಲಿಯುರೆಥೇನ್ ಕಪ್ಪು ಬಣ್ಣ ಹೊಡೆಸುವುದು ನಮ್ಮ ಮಳೆಗೆ ಒಗ್ಗುವ ಕ್ರಮ. ಎಲ್ಲಾದರೂ ಕಿತ್ತರೆ ಕಣ್ಣಿಗೆ ಬೀಳುತ್ತದೆ, ಉಜ್ಜಿ ಬ್ರಷ್ಷಿನಲ್ಲೇ ಸರಿಪಡಿಸಬಹುದು. ಚಾಸಿಯ ಪೆಟ್ಟಿಗೆಯಾಕಾರದ ಭಾಗಗಳ ಒಳಮೈಗೆ ಮೇಣದ ದ್ರಾವಣ ಸಿಂಪಡಿಸಿ, ನೀರು ಬಸಿಯುವ ತೂತುಗಳಲ್ಲಿ ಕೆಸರು ಕಟ್ಟದಂತೆ ನೋಡಿಕೊಳ್ಳಬೇಕು.

ಸತುವಿನಲ್ಲಿ ಅದ್ದಿಸುವ ಸಲಹೆಯೂ ಬರುತ್ತದೆ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿಗೆ ಇಳಿಸಿದರೆ ಹಳೆಯ ಚಾಸಿ ಸೊಟ್ಟಗಾಗುವ ಭಯವಿದೆ. ಸ್ಪ್ರಿಂಗಿನ ಕಮಾನು ಪಟ್ಟಿಗಳಿಗಂತೂ (ಲೀಫ್ ಸ್ಪ್ರಿಂಗ್) ಅದು ಕೂಡದು. ಅದ್ದುವ ಮುನ್ನ ತೊಳೆಯುವ ಆಮ್ಲದಿಂದ ಹೊರಟ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಪಟ್ಟಿ ಮುರಿಯುವಂತಾಗಬಹುದು. ಪಟ್ಟಿಗಳನ್ನು ಬಿಡಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹೊರಮೈಗೆ ತೆಳು ಬಣ್ಣ, ನಡುವೆ ಗ್ರಾಫೈಟ್ ಗ್ರೀಸ್ ಸವರಿದರೆ ಸಾಕು.

ಬಣ್ಣ ಬಳಿಯುವಾಗ ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚು ಬೆಚ್ಚಗಿರಬೇಕು. ಮಂಜು ಕವಿದ ಮಡಿಕೇರಿಯ ಬೆಳಗಿನಲ್ಲಿ ಇದು ಆಗದ ಮಾತು. ಕಾಫಿ ಕೊಯ್ಲು ಮುಗಿದು ಜೀಪಿಗೂ ಬಿಡುವು ಸಿಗುವ ದಿನಗಳಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಬಿಸಿಲೇರಿದ ಮೇಲೆ ಈ ಕೆಲಸ ಮಾಡಿಸುವುದು ಲೇಸು.

ಹೊರದೇಶಗಳಂತೆ ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವುದಿಲ್ಲ, ನಿಜ. ಆದರೆ ನಾವು ಜೀಪಿನಲ್ಲಿ ಹೇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಕ್ಲೋರೈಡ್ ಲವಣವೇ. ಹರಿದ ಚೀಲದಿಂದ ಸೋರಿ ಚಾಸಿಯ ಸಂದಿಗಳಲ್ಲಿ ಕುಳಿತ ಅದರ ಹರಳನ್ನು ಅಂದೇ ಸಂಜೆ ಪೈಪಿನ ನೀರು ಬಿಟ್ಟು ತೊಳೆಯದಿದ್ದರೆ ಯಾವ ಬಣ್ಣವೂ ಬಹುಕಾಲ ನಿಲ್ಲದು.

ಇತಿ,
ಓರ್ವ ಕಾಫಿ ಬೆಳೆಗಾರ, ನಾಪೋಕ್ಲು